ಐದು ಗಜದ ತಕರಾರು

ಮೊದಲು ಒಂದು ಸಣ್ಣ ಲೆಕ್ಕ. ಮೂರು ತಂಡಗಳಿವೆ ಅಂತಿಟ್ಟುಕೊಳ್ಳಿ. ಮೊದಲನೆಯದು 10 ಪಂದ್ಯ ಗೆದ್ದು, 3 ಸೋತು, 1 ಟೈ ಮಾಡಿಕೊಂಡಿದೆ. ಎರಡನೆಯದು 6 ಗೆದ್ದು, 1 ಸೋತು, 6 ಟೈ. ಮೂರನೆಯದು 6 ಗೆದ್ದು, 1 ಸೋತು, 4 ಟೈ. ಹೇಳಿ, ಚಾಂಪಿಯನ್ ಯಾರು?

ಹತ್ತು ಗೆದ್ದವರೇ ಅಲ್ವಾ ಅಂದಿರಾದರೆ ನೀವು ನನ್ನ ಪಾರ್ಟಿ. ಆದರೆ 1932ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಮುಂದೆ ಎನ್‌ಎಫ್‌ಎಲ್ ಅಂತಲೇ ಕರೆಯುತ್ತೇನೆ) ಹಾಗೆ ಹೇಳಲಿಲ್ಲ. ಆಗಿನ ಪದ್ಧತಿ ಪ್ರಕಾರ ಟೈ ಆದ ಪಂದ್ಯಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಗೆಲುವನ್ನು, ಗೆಲುವು ಮತ್ತು ಸೋಲುಗಳ ಮೊತ್ತದಿಂದ ಭಾಗಿಸುವುದು, ಅಷ್ಟೇ. ಆರು ಗೆದ್ದು ಒಂದು ಸೋತವರಿಗೆ ನೂರಕ್ಕೆ 85.7. ಹತ್ತು ಗೆದ್ದು ಮೂರು ಸೋತವರಿಗೆ 76.9. ಹೀಗೆ ಹತ್ತು ಗೆದ್ದ ಗ್ರೀನ್ ಬೇ ಪ್ಯಾಕರ್ಸ್ ಹೊರಗೆ. ಆರಾರು ಗೆದ್ದ ಷಿಕಾಗೋ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಸಮಸಮ.

ಈ ಸಮಸಮವನ್ನು ಬಿಡಿಸಲು ಒಂದು ಪಂದ್ಯ ಆಡಿಸಿದರು. ಒಂದು ಛಾವಣಿಯ ಕೆಳಗೆ, ಸರ್ಕಸ್ಸಿನವರು ಬಿಟ್ಟುಹೋದ ಮಣ್ಣಿನ ಮೇಲೆ, ಆ ಒಂದು ರಾತ್ರಿಗೆಂದೇ ಮಾಡಿಕೊಂಡ ನಿಯಮಗಳಲ್ಲಿ. ಅದರ ಕೊನೆಯಲ್ಲಿ ಎದ್ದ ಐದು ಗಜದ ತಕರಾರಿನ ಕಥೆಯೇ ಇವತ್ತಿನ ಬರಹ. ಈ ಆಟದ ಹುಚ್ಚು ನನಗೆ ಅಷ್ಟಾಗಿ ಇಲ್ಲ. ಆದರೆ ಸೋತವರ ಕಡೆಯಿಂದ ಇತಿಹಾಸ ಓದುವ ಹುಚ್ಚು ಸ್ವಲ್ಪ ಜಾಸ್ತಿಯೇ ಇದೆ :-)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಂದು ತಂಡಕ್ಕೆ ನಾಲ್ಕು ಪ್ರಯತ್ನ ಸಿಗುತ್ತವೆ, ಒಂದೊಂದನ್ನು 'ಡೌನ್' ಅನ್ನುತ್ತಾರೆ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಒಂದು ಹೆಚ್ಚುವರಿ ಅಂಕ ಗಳಿಸುವ ಅವಕಾಶ. ತನ್ನದೇ ಗೆರೆಯ ಹಿಂದೆ ಚೆಂಡನ್ನು ಕಳೆದುಕೊಂಡು ಹೊರಗೆ ಬಿಟ್ಟರೆ ಎದುರಾಳಿಗೆ 2 ಅಂಕ, ಅದಕ್ಕೆ 'ಸೇಫ್ಟಿ' ಅಂತ ಹೆಸರು. ಚೆಂಡನ್ನು ಹೊತ್ತು ಓಡಬಹುದು, ಇಲ್ಲವೇ ಮುಂದಿನವನಿಗೆ ಎಸೆಯಬಹುದು. ಮುಂದಕ್ಕೆ ಎಸೆಯುವುದು ಕಾನೂನುಬದ್ಧವಾದದ್ದೇ 1906ರಲ್ಲಿ. ಅದೂ ಷರತ್ತುಗಳ ಮೇಲೆ. 1932ರಲ್ಲಿ ಇದ್ದ ಒಂದು ಷರತ್ತು ಇದು: ಎಸೆಯುವವನು ಆಟ ಶುರುವಾಗುವ ಗೆರೆಯಿಂದ ಕನಿಷ್ಠ ಐದು ಗಜ ಹಿಂದೆ ನಿಂತಿರಬೇಕು. ಈ ಐದು ಗಜವನ್ನು ನೆನಪಿಟ್ಟುಕೊಳ್ಳಿ.

ಇವತ್ತು ಎನ್‌ಎಫ್‌ಎಲ್ ಅಂದರೆ ಕೋಟಿಗಟ್ಟಲೆ ಡಾಲರಿನ ವ್ಯವಹಾರ. 1932ರಲ್ಲಿ ಅದು ಯಾರಿಗೂ ಬೇಡದ ಕೂಸು. ಜನ ನೋಡುತ್ತಿದ್ದದ್ದು ಬೇಸ್‌ಬಾಲ್, ಬಾಕ್ಸಿಂಗು, ಮತ್ತು ಕಾಲೇಜು ಹುಡುಗರ ಫುಟ್‌ಬಾಲು. ದುಡ್ಡಿಗಾಗಿ ಆಡುವ ಫುಟ್‌ಬಾಲ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ಮೇಲಿಂದ ಮಹಾ ಆರ್ಥಿಕ ಕುಸಿತ. ಆ ವರ್ಷ ಲೀಗಿನಲ್ಲಿ ಉಳಿದಿದ್ದದ್ದು ಬರೀ ಎಂಟು ತಂಡ. ಯಾರು ಯಾರ ಜೊತೆ ಎಷ್ಟು ಪಂದ್ಯ ಆಡಬೇಕು ಅನ್ನೋದಕ್ಕೂ ಏಕರೂಪದ ಪಟ್ಟಿ ಇರಲಿಲ್ಲ. ಪ್ಯಾಕರ್ಸ್ 14 ಆಡಿದರೆ, ಬೇರ್ಸ್ 13, ಸ್ಪಾರ್ಟನ್ಸ್ 11. ಫೈನಲ್ ಅನ್ನುವ ಪದ್ಧತಿಯೇ ಇರಲಿಲ್ಲ. ಸೀಸನ್ ಮುಗಿದ ಮೇಲೆ ಪಟ್ಟಿಯ ತುದಿಯಲ್ಲಿ ಯಾರಿದ್ದಾರೋ ಅವರೇ ಚಾಂಪಿಯನ್.

ಪೋರ್ಟ್ಸ್‌ಮತ್ ಎಲ್ಲಿದೆ ಅಂತ ಕೇಳಿದರೆ ಅಮೆರಿಕದವರೇ ಎಷ್ಟೋ ಜನ ತಲೆ ಕೆರೆದುಕೊಳ್ಳಬಹುದು. ಒಹಾಯೊ ರಾಜ್ಯದ ದಕ್ಷಿಣದ ತುದಿಯಲ್ಲಿ, ಸಯೋಟೊ ನದಿ ಬಂದು ಒಹಾಯೊ ನದಿಗೆ ಸೇರುವ ಕಡೆ ಇರುವ ಊರು ಅದು. ಉಕ್ಕಿನ ಕಾರ್ಖಾನೆ, ಷೂ ಕಾರ್ಖಾನೆಗಳ ಊರು. 1930ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 42 ಸಾವಿರ. ಅಷ್ಟು ಚಿಕ್ಕ ಊರು 1930ರಲ್ಲಿ ತನ್ನ ತಂಡವನ್ನು ಎನ್‌ಎಫ್‌ಎಲ್‌ಗೆ ಸೇರಿಸಿತು, ಅದೇ ವರ್ಷ ಒಂದು ಸ್ಟೇಡಿಯಮ್ಮನ್ನೂ ಕಟ್ಟಿಕೊಂಡಿತು. ನ್ಯೂಯಾರ್ಕು, ಷಿಕಾಗೋದಂಥ ಮಹಾನಗರಗಳ ಎದುರು ನಿಂತು ಆಡುವ ಹುಮ್ಮಸ್ಸು ನೋಡಿ!

ಬರೀ ಹುಮ್ಮಸ್ಸಲ್ಲ, ಆಟವೂ ಚೆನ್ನಾಗಿತ್ತು. 1931ರಲ್ಲೇ ಸ್ಪಾರ್ಟನ್ಸ್ 11 ಗೆದ್ದು 3 ಸೋತಿತ್ತು. ಪ್ಯಾಕರ್ಸ್ 12 ಗೆದ್ದು 2 ಸೋತಿತ್ತು. ಸೀಸನ್ನಿನ ಕೊನೆಗೆ ಪೋರ್ಟ್ಸ್‌ಮತ್‌ನಲ್ಲಿ ಇವೆರಡರ ನಡುವೆ ಒಂದು ಪಂದ್ಯ ಆಗಬೇಕು ಅನ್ನುವ ಮಾತಿತ್ತು. ಅದನ್ನು ಸ್ಪಾರ್ಟನ್ಸ್ ಗೆದ್ದಿದ್ದರೆ ಇಬ್ಬರೂ 12ಕ್ಕೆ 3, ಸಮಸಮ. ಆದರೆ ಪ್ಯಾಕರ್ಸ್ ಬರಲೇ ಇಲ್ಲ. ಅದು ಖಚಿತವಾದ ಪಂದ್ಯ ಅಲ್ಲ, ಆಡಿದರೂ ಸರಿ ಬಿಟ್ಟರೂ ಸರಿ ಅನ್ನುವಂಥದ್ದು ಅಂತ ಅವರ ವಾದ. ಲೀಗಿನ ಅಧ್ಯಕ್ಷ ಜೋ ಕಾರ್ ಅದನ್ನೇ ಎತ್ತಿಹಿಡಿದರು. ಪ್ಯಾಕರ್ಸ್‌ಗೆ ಸತತ ಮೂರನೇ ಚಾಂಪಿಯನ್ ಪಟ್ಟ. ಪೋರ್ಟ್ಸ್‌ಮತ್ ಜನ ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಕಾದರು.

ಸೇಡು ತೀರಿಸಿಕೊಳ್ಳುವ ದಿನ ಬಂದದ್ದು 1932ರ ಡಿಸೆಂಬರ್ 4ರಂದು. ಪ್ಯಾಕರ್ಸ್ ಪೋರ್ಟ್ಸ್‌ಮತ್‌ಗೆ ಬಂದರು. ಸ್ಪಾರ್ಟನ್ಸ್ ಕೋಚ್ ಪಾಟ್ಸಿ ಕ್ಲಾರ್ಕ್ ಅವತ್ತು ಹನ್ನೊಂದೇ ಹನ್ನೊಂದು ಆಟಗಾರರನ್ನು ಇಳಿಸಿ, ಪಂದ್ಯ ಮುಗಿಯುವವರೆಗೂ ಒಬ್ಬನನ್ನೂ ಬದಲಿಸಲಿಲ್ಲ. ದಾಳಿಗೂ ಅವರೇ, ರಕ್ಷಣೆಗೂ ಅವರೇ. 19-0. ಮೂರು ವರ್ಷದಿಂದ ಪಟ್ಟ ಬಿಟ್ಟುಕೊಡದವರನ್ನು ಹನ್ನೊಂದು ಜನ ನೆಲ ಕಚ್ಚಿಸಿಬಿಟ್ಟಿದ್ದರು.

ಒಂದು ವಾರದ ನಂತರ ಡಿಸೆಂಬರ್ 11ಕ್ಕೆ ಅದೇ ಪ್ಯಾಕರ್ಸ್ ಷಿಕಾಗೋದ ರಿಗ್ಲಿ ಫೀಲ್ಡಿನಲ್ಲಿ, ಹಿಮದ ನಡುವೆ, ಬೇರ್ಸ್ ಎದುರು 9-0 ಸೋತರು. ಬೇರ್ಸ್ ಕಥೆ ಇನ್ನೊಂದು ತಮಾಷೆ. ಆ ವರ್ಷ ಅವರ ಮೊದಲ ಮೂರು ಪಂದ್ಯಗಳೂ 0-0. ನಾಲ್ಕನೆಯದನ್ನು 2-0ಯಲ್ಲಿ ಸೋತರು. ನಾಲ್ಕು ಪಂದ್ಯ ಆಡಿ ಒಂದೇ ಒಂದು ಅಂಕ ಗಳಿಸದ ತಂಡ ಚಾಂಪಿಯನ್ ಪಟ್ಟದ ಹತ್ತಿರ ಬಂದು ನಿಂತದ್ದು ಟೈಗಳನ್ನು ಮರೆತುಬಿಡುವ ಆ ಲೆಕ್ಕದ ಕೃಪೆಯಿಂದ. ಬೇರ್ಸ್, ಸ್ಪಾರ್ಟನ್ಸ್ ಎದುರಾಬದುರಾದ ಎರಡು ಪಂದ್ಯಗಳೂ ಟೈ ಆಗಿದ್ದವು, 13-13 ಮತ್ತು 7-7. ಹಾಗಾಗಿ ಅದರಿಂದಲೂ ಇತ್ಯರ್ಥ ಆಗುವಂತಿರಲಿಲ್ಲ. ಇನ್ನೊಂದು ಪಂದ್ಯ ಆಡಿ ಅಂದರು. ಎನ್‌ಎಫ್‌ಎಲ್ ಇತಿಹಾಸದಲ್ಲಿ ಪಟ್ಟ ಯಾರಿಗೆ ಅಂತ ತೀರ್ಮಾನಿಸಲೆಂದೇ ಆಡಿಸಿದ ಮೊದಲ ಹೆಚ್ಚುವರಿ ಪಂದ್ಯ ಅದು. ಡಿಸೆಂಬರ್ 18, ಭಾನುವಾರ, ಷಿಕಾಗೋದಲ್ಲಿ.

ಡಿಸೆಂಬರಿನ ಷಿಕಾಗೋ ಅಂದರೆ ಗೊತ್ತಲ್ಲ. ಹಿಮಪಾತ, ಮೂಳೆ ಕೊರೆಯುವ ಚಳಿ. ಹಿಂದಿನ ವಾರದ ಹಿಮದ ಪಂದ್ಯಕ್ಕೆ ಬಂದಿದ್ದದ್ದು ಐದು ಸಾವಿರದಷ್ಟು ಜನ. ಹೊರಗೆ ಆಡಿಸಿದರೆ ಗೇಟಿನ ದುಡ್ಡು ಬರುವುದಿಲ್ಲ ಅಂತ ಬೇರ್ಸ್ ಮಾಲೀಕ ಜಾರ್ಜ್ ಹಾಲಸ್‌ಗೆ ಗೊತ್ತಿತ್ತು. ಹಾಗಾಗಿ ಪಂದ್ಯವನ್ನು ಷಿಕಾಗೋ ಸ್ಟೇಡಿಯಮ್ ಅನ್ನುವ ಒಳಾಂಗಣಕ್ಕೆ ಸಾಗಿಸಿದರು. ಅದು ಐಸ್ ಹಾಕಿ, ಬಾಕ್ಸಿಂಗುಗಳ ಜಾಗ. ಅದೇ ವರ್ಷದ ಬೇಸಿಗೆಯಲ್ಲಿ ಡೆಮಾಕ್ರಟಿಕ್ ಪಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಅಧ್ಯಕ್ಷ ಪದವಿಗೆ ಅಭ್ಯರ್ಥಿ ಅಂತ ಆರಿಸಿದ್ದು ಅದೇ ಛಾವಣಿಯ ಕೆಳಗೆ. ಒಳಾಂಗಣದ ಪ್ರಯೋಗ ಬೇರ್ಸ್‌ಗೆ ಪೂರ್ತಿ ಹೊಸದೇನಲ್ಲ. 1930ರಲ್ಲಿ ಅಲ್ಲೇ ಷಿಕಾಗೋ ಕಾರ್ಡಿನಲ್ಸ್ ಜೊತೆ ಒಂದು ಸಹಾಯಾರ್ಥ ಪ್ರದರ್ಶನ ಪಂದ್ಯ ಆಡಿ 9-7ರಲ್ಲಿ ಗೆದ್ದಿದ್ದರು.

ಆ ವಾರ ಅಲ್ಲಿ ಸರ್ಕಸ್ ನಡೆದಿತ್ತು. ಪ್ರಾಣಿಗಳಿಗೆಂದು ಹಾಸಿದ್ದ ಮಣ್ಣು ಹಾಗೇ ಇತ್ತು. ಸಿಮೆಂಟಿನ ಮೇಲೆ ಬಿದ್ದು ಮೈಕೈ ಮುರಿದುಕೊಳ್ಳುವ ಬದಲು ಈ ಮಣ್ಣೇ ಮೇಲು ಅಂತ ಅದರ ಮೇಲೇ ಗೆರೆ ಎಳೆದರು. ಆನೆ, ಕುದುರೆಗಳ ವಾಸನೆಯೂ ಮಣ್ಣಿನ ಜೊತೆಗೆ ಉಚಿತ! ಪಾಪ, ಆಟಗಾರರು ಮುಖ ಅಡಿಯಾಗಿ ಬೀಳುತ್ತಿದ್ದದ್ದು ಅದರ ಮೇಲೇ.

ಜಾಗ ಸಾಲದ್ದು ದೊಡ್ಡ ತೊಂದರೆ. ಮೈದಾನ ಬರೀ 80 ಗಜ ಉದ್ದ. ಅಗಲವೂ ಕಮ್ಮಿ, ಪಕ್ಕದ ಗೆರೆಗೆ ಒತ್ತಿಕೊಂಡೇ ಗೋಡೆ. ಹಾಗಾಗಿ ಎರಡೂ ಕಡೆಯವರು ಕೂತು ಆ ರಾತ್ರಿಗೆ ಮಾತ್ರ ಅಂತ ಕೆಲವು ನಿಯಮ ಮಾಡಿಕೊಂಡರು. ಒಂದು, ಗೋಲಿನ ಕಂಬಗಳನ್ನು ಹಿಂದಿನ ತುದಿಯಿಂದ ತಂದು ಗೋಲಿನ ಗೆರೆಯ ಮೇಲೆ ನಿಲ್ಲಿಸುವುದು. ಎರಡು, ಫೀಲ್ಡ್ ಗೋಲ್ ಅಂದರೆ ಒದ್ದು ಗಳಿಸುವ ಮೂರು ಅಂಕ ಇವತ್ತು ಬೇಡ. ಮೂರು, ಮಧ್ಯದ ಗೆರೆ ದಾಟಿದ ತಂಡವನ್ನು 20 ಗಜ ಹಿಂದಕ್ಕೆ ಕಳಿಸುವುದು, ಮೈದಾನ ಗಿಡ್ಡವಾದದ್ದಕ್ಕೆ ಪರಿಹಾರ. ನಾಲ್ಕು, ಚೆಂಡು ಪಕ್ಕದ ಗೋಡೆಯ ಹತ್ತಿರ ಹೋದರೆ ಮುಂದಿನ ಆಟವನ್ನು ಹತ್ತು ಗಜ ಒಳಗಿನಿಂದ ಶುರು ಮಾಡುವುದು. ಅಲ್ಲಿಯವರೆಗೆ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ, ಗೆರೆಗೆ ಅಂಟಿಕೊಂಡಿದ್ದರೂ ಅಲ್ಲಿಂದಲೇ ಆಡಬೇಕಿತ್ತು. ಇಲ್ಲಿ ಹಾಗೆ ಮಾಡಿದರೆ ಅರ್ಧ ತಂಡ ಗೋಡೆಯೊಳಗೆ ನಿಲ್ಲಬೇಕಾಗುತ್ತಿತ್ತು.

ಇಷ್ಟೆಲ್ಲ ಬದಲಾಯಿಸಿದರೂ ಒಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎಸೆಯುವವನು ಐದು ಗಜ ಹಿಂದಿರಬೇಕು ಅನ್ನುವ ನಿಯಮವನ್ನು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಆ ರಾತ್ರಿ ಏನೇನು ಸಡಿಲ ಮಾಡಬೇಕು ಅಂತ ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿದ್ದರು. ಆ ಪಟ್ಟಿಯಲ್ಲಿ ಇದು ಇರಲಿಲ್ಲ.

ಪೋರ್ಟ್ಸ್‌ಮತ್‌ಗೆ ಇನ್ನೊಂದು ಪೆಟ್ಟು ಪಂದ್ಯಕ್ಕೆ ಮುಂಚೆಯೇ ಬಿದ್ದಿತ್ತು. ಅವರ ತಂಡದ ಜೀವಾಳ ಡಚ್ ಕ್ಲಾರ್ಕ್. (ಕೋಚ್ ಪಾಟ್ಸಿ ಕ್ಲಾರ್ಕ್ ಬೇರೆ, ಇವನು ಬೇರೆ. ಗಲಿಬಿಲಿ ಮಾಡಿಕೊಳ್ಳಬೇಡಿ.) ಆ ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಅವನೇ. ಆದರೆ ಫುಟ್‌ಬಾಲಿನ ಸಂಬಳದಲ್ಲಿ ವರ್ಷವಿಡೀ ಬದುಕುವ ಕಾಲವಲ್ಲ ಅದು. ಡಚ್ ಕ್ಲಾರ್ಕ್ ಚಳಿಗಾಲದಲ್ಲಿ ಕೊಲರಾಡೊ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್. ಸೀಸನ್ ಮುಗಿಯಿತು ಅಂತ ಅವನು ಕೆಲಸಕ್ಕೆ ವಾಪಸ್ ಹೋಗಬೇಕಾಯಿತು. ಪಟ್ಟಿಯಲ್ಲಿ ಇಲ್ಲದ ಒಂದು ಪಂದ್ಯ ದಿಢೀರನೆ ಹುಟ್ಟಿಕೊಂಡಾಗ ದೇಶದ ಅತ್ಯುತ್ತಮ ಆಟಗಾರ ಒಂದು ಕಾಲೇಜಿನಲ್ಲಿ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದ. ಹೊಟ್ಟೆಪಾಡು ಸ್ವಾಮಿ, ಯಾರನ್ನು ದೂರೋಣ?

ಬೇರ್ಸ್ ಕಡೆ ಇಬ್ಬರು ದಿಗ್ಗಜರು. ಒಬ್ಬ ರೆಡ್ ಗ್ರೇಂಜ್. ಕಾಲೇಜು ದಿನಗಳಿಂದಲೇ ದೇಶಕ್ಕೆಲ್ಲ ಪರಿಚಿತ ಹೆಸರು. 1925ರಲ್ಲಿ ಅವನು ಬೇರ್ಸ್ ಸೇರಿದ ಮೇಲೇ ದುಡ್ಡಿನ ಫುಟ್‌ಬಾಲನ್ನು ಜನ ತಿರುಗಿ ನೋಡಿದ್ದು. ಇನ್ನೊಬ್ಬ ಬ್ರಾಂಕೊ ನಗುರ್ಸ್ಕಿ. ಆನೆ ಗಾತ್ರದ ಆಳು, ತಲೆ ತಗ್ಗಿಸಿ ನುಗ್ಗಿದನೆಂದರೆ ತಡೆಯಲು ಮೂರು ನಾಲ್ಕು ಜನ ಬೇಕು. ಮುಂದೆ ಕುಸ್ತಿಯಲ್ಲೂ ಹೆಸರು ಮಾಡಿದ. ಚೆಂಡು ನಗುರ್ಸ್ಕಿ ಕೈಗೆ ಬಂದರೆ ಅವನು ನುಗ್ಗುತ್ತಾನೆ ಅಂತಲೇ ಎಲ್ಲರ ಲೆಕ್ಕಾಚಾರ.

11,198 ಜನ ಬಂದಿದ್ದರು. ಚಳಿಯಿಲ್ಲದೆ, ಆಟಗಾರರ ಏದುಸಿರು ಕೇಳುವಷ್ಟು ಹತ್ತಿರದಲ್ಲಿ ಕೂತು ನೋಡಿದರು. ಮೂರು ಕಾಲುಭಾಗ ಮುಗಿದರೂ 0-0. ಪುಟ್ಟ ಜಾಗದಲ್ಲಿ ಇಪ್ಪತ್ತೆರಡು ಜನ, ಯಾರಿಗೂ ದಾರಿಯಿಲ್ಲ. ಮೂರನೇ ಸಲವೂ ಇವರಿಬ್ಬರದು ಟೈಯೇ ಆಗಿಬಿಡುತ್ತದೇನೋ ಅನ್ನುವ ಹಾಗಿತ್ತು.

ಕೊನೆಯ ಕಾಲುಭಾಗದಲ್ಲಿ ಸ್ಪಾರ್ಟನ್ಸ್‌ನ ಏಸ್ ಗುಟೋವ್ಸ್ಕಿ ಎಸೆದ ಚೆಂಡನ್ನು ಬೇರ್ಸ್‌ನ ಡಿಕ್ ನೆಸ್ಬಿಟ್ ನಡುವೆಯೇ ಹಿಡಿದು ಓಡಿದ. ಪೋರ್ಟ್ಸ್‌ಮತ್ ಗೆರೆಗೆ ಇನ್ನು ಏಳು ಗಜ. ನಗುರ್ಸ್ಕಿ ನುಗ್ಗಿದ, ಗೆರೆಯ ಹತ್ತಿರಕ್ಕೇ ತಂದ. ಮತ್ತೆ ನುಗ್ಗಿದರು, ಸ್ಪಾರ್ಟನ್ಸ್ ಗೋಡೆಯಂತೆ ನಿಂತು ತಡೆದರು. ಉಳಿದದ್ದು ನಾಲ್ಕನೇ ಡೌನ್, ಕೊನೆಯ ಪ್ರಯತ್ನ. ಚೆಂಡು ಮತ್ತೆ ನಗುರ್ಸ್ಕಿಗೆ. ಅವನು ಮುಂದಕ್ಕೆ ಹೆಜ್ಜೆ ಇಟ್ಟ. ಸ್ಪಾರ್ಟನ್ಸ್ ಎಲ್ಲರೂ ಅವನನ್ನು ತಡೆಯಲು ಒಟ್ಟಾದರು. ಅವನು ಥಟ್ಟನೆ ನಿಂತು, ಒಂದೆರಡು ಹೆಜ್ಜೆ ಹಿಂದೆ ಸರಿದು, ಮೇಲಕ್ಕೆ ಜಿಗಿದು ಚೆಂಡನ್ನು ಎಸೆದ. ಗೆರೆಯ ಆಚೆ ಒಂಟಿಯಾಗಿದ್ದ ರೆಡ್ ಗ್ರೇಂಜ್ ಕೈಗೆ. ಟಚ್‌ಡೌನ್!

ಪಾಟ್ಸಿ ಕ್ಲಾರ್ಕ್ ಮೈದಾನಕ್ಕೆ ನುಗ್ಗಿದರು. ನಗುರ್ಸ್ಕಿ ಐದು ಗಜ ಹಿಂದಿರಲಿಲ್ಲ, ಈ ಪಾಸು ನಿಯಮಬಾಹಿರ ಅಂತ ಅವರ ವಾದ. ರೆಫರಿ ಬಾಬಿ ಕಾನ್ ಒಪ್ಪಲಿಲ್ಲ. ರಿಪ್ಲೇ ಇಲ್ಲ, ಮೂರನೇ ಅಂಪೈರ್ ಇಲ್ಲ. ರೆಫರಿಯ ಕಣ್ಣೇ ಕಡೆಯ ಕೋರ್ಟು. ಟೈನಿ ಎಂಗೆಬ್ರೆಟ್ಸೆನ್ ಹೆಚ್ಚುವರಿ ಅಂಕವನ್ನೂ ಒದ್ದು ಗಳಿಸಿದ, 7-0. ಆಮೇಲೆ ಸ್ಪಾರ್ಟನ್ಸ್‌ನ ಮ್ಯೂಲ್ ವಿಲ್ಸನ್ ತನ್ನ ಗೆರೆಯ ಹಿಂದೆ ಚೆಂಡನ್ನು ಕೈಜಾರಿಸಿದ, ಅದು ಹೊರಗೆ ಹೋಯಿತು, ಸೇಫ್ಟಿ. 9-0. ಷಿಕಾಗೋ ಬೇರ್ಸ್ ಚಾಂಪಿಯನ್.

ಟಚ್‌ಡೌನ್ ಕಳೆದರೂ 2-0ಯಲ್ಲಿ ಬೇರ್ಸೇ ಗೆಲ್ಲುತ್ತಿದ್ದರಲ್ಲ ಅಂತ ವಾದಿಸುವವರಿದ್ದಾರೆ. ನನಗೆ ಇದು ಒಪ್ಪಿಗೆಯಾಗಲ್ಲ. ಆಟವೆಂದರೆ ದಿನಸಿ ಅಂಗಡಿಯ ಚೀಟಿಯಲ್ಲ, ಬೇಡದ ಒಂದು ಸಾಲನ್ನು ಹೊಡೆದುಹಾಕಿ ಉಳಿದದ್ದನ್ನು ಕೂಡಿಸಲು. ಸೇಫ್ಟಿ ಆದದ್ದು ಟಚ್‌ಡೌನಿನ ನಂತರ. ಏಳು ಅಂಕ ಹಿಂದಿರುವ ತಂಡ ಆಡುವ ರೀತಿಯೇ ಬೇರೆ, 0-0ಯಲ್ಲಿರುವ ತಂಡ ಆಡುವ ರೀತಿಯೇ ಬೇರೆ. ನಾಲ್ಕನೇ ಡೌನಿನಲ್ಲಿ ಆ ಪಾಸು ಊರ್ಜಿತವಾಗದಿದ್ದರೆ ಮುಂದಿನ ಕಥೆಯನ್ನೇ ಬೇರೆ ಥರ ಬರೆಯಬೇಕಿತ್ತು.

ಇನ್ನೊಂದು ಕ್ರೂರ ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಈ ಪಂದ್ಯವನ್ನು ಪ್ರತ್ಯೇಕ ಫೈನಲ್ ಅಂತ ಇಡಲಿಲ್ಲ, ಸೀಸನ್ನಿನ ಲೆಕ್ಕಕ್ಕೇ ಸೇರಿಸಿದರು. ಬೇರ್ಸ್ 7 ಗೆಲುವು 1 ಸೋಲು, 87.5. ಸ್ಪಾರ್ಟನ್ಸ್ 6 ಗೆಲುವು 2 ಸೋಲು, 75. ಮನೆಯಲ್ಲಿ ಕೂತಿದ್ದ ಪ್ಯಾಕರ್ಸ್ ಅದೇ 76.9. ಅಂದರೆ ಡಿಸೆಂಬರ್ 18ರ ಸಂಜೆ ಮೊದಲನೇ ಸ್ಥಾನದಲ್ಲಿ ಸಮಪಾಲು ಹೊಂದಿದ್ದ ಪೋರ್ಟ್ಸ್‌ಮತ್, ರಾತ್ರಿ ಮಲಗುವ ಹೊತ್ತಿಗೆ ಎರಡನೆಯದೂ ಅಲ್ಲ, ಮೂರನೇ ಸ್ಥಾನದಲ್ಲಿತ್ತು! ಎರಡು ವಾರದ ಹಿಂದೆ ಹನ್ನೊಂದೇ ಜನರಿಂದ 19-0 ಬಾರಿಸಿದ್ದ ಅದೇ ಪ್ಯಾಕರ್ಸ್‌ಗಿಂತ ಕೆಳಗೆ.

ಲೆಕ್ಕದ ವಿಷಯಕ್ಕೇ ಬಂದರೆ, 1972ರಿಂದ ಎನ್‌ಎಫ್‌ಎಲ್ ಟೈ ಪಂದ್ಯವನ್ನು ಅರ್ಧ ಗೆಲುವು ಅಂತ ಎಣಿಸಲು ಶುರು ಮಾಡಿತು. ಆ ಲೆಕ್ಕವನ್ನು 1932ಕ್ಕೆ ಹಾಕಿ ನೋಡಿದೆ. ಆ ಪಂದ್ಯಕ್ಕೆ ಮುಂಚೆ ಪ್ಯಾಕರ್ಸ್ 75, ಸ್ಪಾರ್ಟನ್ಸ್ 72.7, ಬೇರ್ಸ್ 69.2. ಪ್ಯಾಕರ್ಸ್‌ಗೆ ಸತತ ನಾಲ್ಕನೇ ಪಟ್ಟ, ಸ್ಪಾರ್ಟನ್ಸ್‌ಗೆ ಎರಡನೇ ಸ್ಥಾನ, ಬೇರ್ಸ್‌ಗೆ ಮೂರನೆಯದು. ಸರ್ಕಸ್ ಮಣ್ಣಿನ ಮೇಲೆ ಪಂದ್ಯವೇ ನಡೆಯುತ್ತಿರಲಿಲ್ಲ. ಒಂದೇ ಬೆವರು, ಒಂದೇ ಅಂಕಗಳು. ಭಾಗಾಕಾರ ಬದಲಾದರೆ ಚಾಂಪಿಯನ್ನೂ ಬದಲು.

ಈಗ ಆ ಐದು ಗಜದ ಕಡೆ ಬರೋಣ.

ಎರಡು ತಿಂಗಳ ನಂತರ, 1933ರ ಫೆಬ್ರವರಿಯಲ್ಲಿ ಲೀಗಿನ ಮಾಲೀಕರು ಸಭೆ ಸೇರಿದರು. ಅಲ್ಲಿಯವರೆಗೆ ಅವರು ಕಾಲೇಜು ಫುಟ್‌ಬಾಲಿನ ನಿಯಮಪುಸ್ತಕವನ್ನೇ ಅನುಸರಿಸುತ್ತಿದ್ದರು. ಈಗ ಮೊದಲ ಸಲ ತಮ್ಮದೇ ದಾರಿ ಹಿಡಿದರು. ಹಾಲಸ್ ಮತ್ತು ಬಾಸ್ಟನ್ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಮುಂದಾಳುಗಳು. 1932ರ ಸೀಸನ್ನಿನ 48 ಪಂದ್ಯಗಳಲ್ಲಿ 10 ಟೈ ಆಗಿದ್ದವು. ಅಂಕವೇ ಬಾರದ ಆಟಕ್ಕೆ ಯಾರು ದುಡ್ಡು ಕೊಟ್ಟು ಬರುತ್ತಾರೆ? ಒಳಾಂಗಣದ ಆ ಒಂದು ರಾತ್ರಿ ಅವರಿಗೆ ಬೇರೆಯದೇ ದಾರಿ ತೋರಿಸಿತ್ತು.

ಗೋಡೆಯಿದ್ದ ಕಾರಣಕ್ಕೆ ಚೆಂಡನ್ನು ಹತ್ತು ಗಜ ಒಳಗೆ ತಂದದ್ದು ಗೋಡೆಯಿಲ್ಲದ ಮೈದಾನಗಳಿಗೂ ನಿಯಮವಾಯಿತು. ಇವತ್ತು ಟಿವಿಯಲ್ಲಿ ಮೈದಾನದ ನಡುವೆ ಚಿಕ್ಕ ಚಿಕ್ಕ ಗೆರೆಗಳ ಎರಡು ಸಾಲು ಕಾಣುತ್ತವಲ್ಲ, ಅವುಗಳ ಮೂಲ ಇದೇ. ಜಾಗ ಸಾಲದೆ ಮುಂದಕ್ಕೆ ತಂದ ಗೋಲಿನ ಕಂಬಗಳು ಅಲ್ಲೇ ಉಳಿದವು, 1974ರಲ್ಲಿ ಹಿಂದಕ್ಕೆ ಹೋಗುವವರೆಗೆ. ಒಂದು ಪಂದ್ಯದಿಂದ ಪಟ್ಟ ತೀರ್ಮಾನಿಸುವ ಉಪಾಯ ಚೆನ್ನಾಗಿದೆಯಲ್ಲ ಅಂತ ಲೀಗನ್ನು ಎರಡು ವಿಭಾಗ ಮಾಡಿ, ಎರಡರ ವಿಜೇತರ ನಡುವೆ ಪ್ರತಿ ವರ್ಷ ಫೈನಲ್ ಆಡಿಸುವುದು ಅಂತಾಯಿತು. ಕೊನೆಯದಾಗಿ ಆ ಐದು ಗಜದ ಷರತ್ತು ರದ್ದು. ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಎಸೆಯಬಹುದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆಯಿದೆ. ಇಲ್ಲಿ ಆದದ್ದು ಅದಕ್ಕೂ ಮೀರಿದ್ದು. ಬಾಗಿಲು ಹಾಕಲಿಲ್ಲ, ಸೂರೆ ಮಾಡಲು ಬಂದ ದಾರಿಯನ್ನೇ ರಾಜಬೀದಿ ಅಂತ ಸಾರಿಬಿಟ್ಟರು.

ತಮಾಷೆ ಅಂದರೆ ಈ ಬದಲಾವಣೆಗೆ ಪಾಟ್ಸಿ ಕ್ಲಾರ್ಕ್ ಕೂಡ ಒಲವು ತೋರಿದ್ದರು ಅನ್ನುತ್ತಾರೆ. ನಗುರ್ಸ್ಕಿ ಹೇಗಿದ್ದರೂ ಎಲ್ಲಿಂದ ಬೇಕಾದರೂ ಎಸೆಯುತ್ತಾನೆ, ಎಲ್ಲರಿಗೂ ಅದನ್ನೇ ಕೊಟ್ಟುಬಿಡಿ ಅನ್ನುವ ಧಾಟಿಯ ಮಾತು ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಅದರಲ್ಲಿ ವ್ಯಂಗ್ಯ ಎಷ್ಟು, ಆಟದ ಮೇಲಿನ ಪ್ರೀತಿ ಎಷ್ಟು, ನೀವೇ ತೂಗಿ ನೋಡಿ.

ಬದಲಾವಣೆಯಿಂದ ಆಟಕ್ಕೆ ಒಳ್ಳೆಯದಾಯಿತು, ಇದರಲ್ಲಿ ಎರಡು ಮಾತಿಲ್ಲ. 1933ರ ಡಿಸೆಂಬರ್ 17ರಂದು ರಿಗ್ಲಿ ಫೀಲ್ಡಿನಲ್ಲಿ ಹೊಸ ಪದ್ಧತಿಯ ಮೊದಲ ಫೈನಲ್. ಬೇರ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್. ಹಾವು ಏಣಿ ಆಟದಂತೆ ಮುನ್ನಡೆ ಅತ್ತಿಂದಿತ್ತ ಬದಲಾಗುತ್ತಾ ಹೋಯಿತು. ಕೊನೆಗೆ ನಗುರ್ಸ್ಕಿ ಮತ್ತೆ ನುಗ್ಗುವ ಹಾಗೆ ಮಾಡಿ, ಮತ್ತೆ ಜಿಗಿದು, ಬಿಲ್ ಹ್ಯೂಯಿಟ್‌ಗೆ ಎಸೆದ. ಹ್ಯೂಯಿಟ್ ಅದನ್ನು ಬಿಲ್ ಕಾರ್‌ಗೆ ದಾಟಿಸಿದ, ಕಾರ್ ಗೆರೆ ಮುಟ್ಟಿದ. 23-21, ಬೇರ್ಸ್. ಅದೇ ಮನುಷ್ಯ, ಅದೇ ಜಿಗಿತ, ಅದೇ ಉಪಾಯ. ಈ ಸಲ ಯಾರೂ ಐದು ಗಜ ಅಳೆಯಲಿಲ್ಲ, ಅಳೆಯಲು ನಿಯಮವೇ ಇರಲಿಲ್ಲ.

ಇದನ್ನು ಓದುವಾಗ ನನಗೆ 2019ರ ಜುಲೈ 14, ಲಾರ್ಡ್ಸ್ ನೆನಪಾಗದೆ ಇರಲಿಲ್ಲ. ವಿಶ್ವಕಪ್ ಕ್ರಿಕೆಟ್ ಫೈನಲ್. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241. ಸೂಪರ್ ಓವರಿನಲ್ಲಿ ಎರಡೂ 15. ಕೊನೆಗೆ ಬೌಂಡರಿ ಎಣಿಸಿ, 26ಕ್ಕೆ 17 ಅಂತ, ಕಪ್ಪನ್ನು ಇಂಗ್ಲೆಂಡಿಗೆ ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಐಸಿಸಿ ಬೌಂಡರಿ ಎಣಿಸುವ ನಿಯಮವನ್ನೇ ಕಿತ್ತುಹಾಕಿತು. ಕಪ್ಪು ಮಾತ್ರ ಇದ್ದಲ್ಲೇ ಇತ್ತು. ಆದರೂ ಒಂದು ವ್ಯತ್ಯಾಸ ನೋಡಿ. ನ್ಯೂಜಿಲೆಂಡಿನವರಿಗೆ, ನಿಮ್ಮನ್ನು ಸೋಲಿಸಿದ ನಿಯಮ ಸರಿಯಿರಲಿಲ್ಲ ಅನ್ನುವ ಸಮಾಧಾನವಾದರೂ ಸಿಕ್ಕಿತು. ಪೋರ್ಟ್ಸ್‌ಮತ್‌ನವರಿಗೆ ಸಿಕ್ಕ ಉತ್ತರ ಉಲ್ಟಾ. ನೀವು ನಂಬಿಕೊಂಡಿದ್ದ ನಿಯಮವೇ ಸರಿಯಿರಲಿಲ್ಲ!

ನನ್ನ ತಕರಾರು ಬದಲಾವಣೆಯ ಬಗ್ಗೆ ಅಲ್ಲ. ಬದಲಾದ ಮೇಲೆ ನಾವು ಹಿಂದಿನದನ್ನು ಓದುವ ರೀತಿಯ ಬಗ್ಗೆ. ಇವತ್ತಿನ ನಿಯಮದ ಕನ್ನಡಕ ಹಾಕಿಕೊಂಡು ನೋಡಿದರೆ ನಗುರ್ಸ್ಕಿಯ ಪಾಸು ಒಂದು ಜಾಣತನದ ಆಟ, ಪಾಟ್ಸಿ ಕ್ಲಾರ್ಕ್ ಒಬ್ಬ ಕಿರಿಕಿರಿ ಮನುಷ್ಯ. ಆಧುನಿಕ ಫುಟ್‌ಬಾಲಿಗೆ ನಾಂದಿ ಹಾಡಿದ ಪಂದ್ಯ ಅಂತ ಎಲ್ಲ ಕಡೆ ಹೊಗಳಿ ಬರೆಯುತ್ತಾರೆ, ಸರಿಯಾಗಿಯೇ ಬರೆಯುತ್ತಾರೆ. ಆದರೆ ಆ ರಾತ್ರಿ ಆ ಹನ್ನೊಂದು ಸಾವಿರ ಜನರ ಮುಂದೆ ನಿಯಮ ಐದು ಗಜ ಅಂತಲೇ ಇತ್ತು. ಪಾಟ್ಸಿ ಕ್ಲಾರ್ಕ್ ಕೇಳಿದ್ದು ದಯೆಯನ್ನಲ್ಲ, ಬರೆದಿಟ್ಟ ನಿಯಮವನ್ನು. ಬಾಬಿ ಕಾನ್ ಅವರ ಕಣ್ಣಿಗೆ ಐದು ಗಜ ಕಂಡಿರಬಹುದು, ಅದು ಅವರ ಅಧಿಕಾರ. ಆ ನಿಯಮವೇ ಮುಂದೆ ಹೋಯಿತಲ್ಲ, ಇನ್ನು ತಕರಾರೇಕೆ ಅನ್ನುವುದು ಮಾತ್ರ ನ್ಯಾಯ ಅಲ್ಲ.

ಪೋರ್ಟ್ಸ್‌ಮತ್‌ಗೆ ಆಮೇಲೆ ಏನಾಯಿತು? ಕುಸಿದ ಊರಿನಲ್ಲಿ ಜನರ ಕೈಯಲ್ಲಿ ಟಿಕೆಟ್ಟಿಗೂ ದುಡ್ಡಿರಲಿಲ್ಲ. ಡಚ್ ಕ್ಲಾರ್ಕ್ 1933ರಲ್ಲಿ ಆಡಲೇ ಇಲ್ಲ, ಕೋಚ್ ಕೆಲಸವನ್ನೇ ಹಿಡಿದ. 1934ರಲ್ಲಿ ಡೆಟ್ರಾಯಿಟ್ಟಿನ ರೇಡಿಯೋ ಸ್ಟೇಷನ್ ಮಾಲೀಕ ಜಾರ್ಜ್ ರಿಚರ್ಡ್ಸ್ ಎಂಟು ಸಾವಿರ ಡಾಲರಿನಷ್ಟಕ್ಕೆ ತಂಡವನ್ನು ಕೊಂಡು ತನ್ನೂರಿಗೆ ಸಾಗಿಸಿದರು. ಹೆಸರು ಡೆಟ್ರಾಯಿಟ್ ಲಯನ್ಸ್ ಅಂತಾಯಿತು. ಡಚ್ ಕ್ಲಾರ್ಕ್ ವಾಪಸ್ ಬಂದ. ಪಾಟ್ಸಿ ಕ್ಲಾರ್ಕೇ ಕೋಚ್. 1935ರಲ್ಲಿ ಲಯನ್ಸ್ ಫೈನಲ್ಲಿನಲ್ಲಿ ಜೈಂಟ್ಸನ್ನು 26-7ರಲ್ಲಿ ಸೋಲಿಸಿ ಚಾಂಪಿಯನ್ ಆಯಿತು. ಪೋರ್ಟ್ಸ್‌ಮತ್ ಬೆಳೆಸಿದ ಮರ ಡೆಟ್ರಾಯಿಟ್ಟಿನಲ್ಲಿ ಹಣ್ಣು ಬಿಟ್ಟಿತು.

ಪೋರ್ಟ್ಸ್‌ಮತ್‌ಗಿಂತಲೂ ಚಿಕ್ಕ ಊರಾಗಿದ್ದ ಗ್ರೀನ್ ಬೇ ತನ್ನ ತಂಡವನ್ನು ಇವತ್ತಿಗೂ ಉಳಿಸಿಕೊಂಡಿದೆ. ಅದರ ಮಾಲೀಕರು ಷೇರು ಕೊಂಡ ಸಾಮಾನ್ಯ ಜನ. ಹಾಗಾಗಿ ಚಿಕ್ಕ ಊರು ಅನ್ನೋದೊಂದೇ ಕಾರಣ ಅಂತ ಹೇಳಲಾಗದು. 1931ರಲ್ಲಿ ಆಡದೇ ಹೋದ ಪಂದ್ಯವೋ 1932ರ ಪಾಸೋ ಬೇರೆ ಥರ ಆಗಿದ್ದರೆ ಪೋರ್ಟ್ಸ್‌ಮತ್ ತಂಡ ಉಳಿಯುತ್ತಿತ್ತು ಅಂತಲೂ ನಾನು ಹೇಳಲಾರೆ. ಚಾಂಪಿಯನ್ ಪಟ್ಟದಿಂದ ಮುಚ್ಚಿದ ಕಾರ್ಖಾನೆ ತೆರೆಯುವುದಿಲ್ಲ. ಆದರೆ ಒಂದು ಊರಿಗೆ ನೆನಪಿನಲ್ಲಿಟ್ಟುಕೊಳ್ಳಲು ಒಂದು ವರ್ಷ ಇರುತ್ತಿತ್ತು. 1932, ನಾವು ಚಾಂಪಿಯನ್ ಅಂತ.

ಆ ರಾತ್ರಿಯ ಜನರೆಲ್ಲ ಒಂದು ಕಡೆ ಮತ್ತೆ ಒಟ್ಟು ಸೇರಿದರು. 1963ರಲ್ಲಿ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ಸಾಲಿನಲ್ಲಿ ಆಯ್ಕೆಯಾದವರಲ್ಲಿ ಹಾಲಸ್, ಗ್ರೇಂಜ್, ನಗುರ್ಸ್ಕಿ ಮೂವರೂ ಇದ್ದರು. ಅವರ ಜೊತೆಗೇ, ಆ ರಾತ್ರಿ ಅಲ್ಲಿ ಇಲ್ಲದಿದ್ದ ಡಚ್ ಕ್ಲಾರ್ಕ್ ಕೂಡ.

ಒಳಾಂಗಣ ಫುಟ್‌ಬಾಲ್ ಅನ್ನುವುದು ಮುಂದೆ ತನ್ನದೇ ಒಂದು ಆಟವಾಯಿತು. 1981ರಲ್ಲಿ ಜಿಮ್ ಫಾಸ್ಟರ್ ಅನ್ನುವವರು ಒಳಾಂಗಣ ಸಾಕರ್ ಪಂದ್ಯವೊಂದನ್ನು ನೋಡುತ್ತಾ ಒಂದು ಲಕೋಟೆಯ ಮೇಲೆ ಅದರ ನಕ್ಷೆ ಗೀಚಿದರಂತೆ. 1987ರಲ್ಲಿ ಅರೀನಾ ಫುಟ್‌ಬಾಲ್ ಲೀಗ್ ಶುರುವಾಯಿತು, 50 ಗಜದ ಮೈದಾನ, ಮೆತ್ತೆ ಹೊದಿಸಿದ ಗೋಡೆ. 2019ರಲ್ಲಿ ಅದೂ ದಿವಾಳಿಯಾಯಿತು. ಅಂಥ ಲೀಗುಗಳಲ್ಲಿ ಸಣ್ಣ ಊರುಗಳ ತಂಡಗಳು ಹುಟ್ಟುತ್ತವೆ, ಎರಡು ಮೂರು ವರ್ಷ ಆಡುತ್ತವೆ, ಮಾಯವಾಗುತ್ತವೆ. ಪೋರ್ಟ್ಸ್‌ಮತ್ ಕಥೆ ಓದಿದ ಮೇಲೆ ಅಂಥ ತಂಡಗಳ ಅಂಕಪಟ್ಟಿ ಕಣ್ಣಿಗೆ ಬಿದ್ದರೆ ನಾನು ಮೊದಲು ಸೋತವರ ಹೆಸರನ್ನೇ ಹುಡುಕುತ್ತೇನೆ.

ಷಿಕಾಗೋ ಸ್ಟೇಡಿಯಮ್ಮನ್ನು 1995ರಲ್ಲಿ ಕೆಡವಿದರು. ಪೋರ್ಟ್ಸ್‌ಮತ್‌ನ ಹಳೇ ಸ್ಟೇಡಿಯಮ್ ಮಾತ್ರ ಹೋದ ತಂಡದ ಹೆಸರನ್ನೇ ಹೊತ್ತು ಸ್ಪಾರ್ಟನ್ ಮುನಿಸಿಪಲ್ ಸ್ಟೇಡಿಯಮ್ ಅನ್ನಿಸಿಕೊಂಡಿತು. ಒಹಾಯೊ ನದಿಯ ಪ್ರವಾಹ ತಡೆಯಲು ಕಟ್ಟಿದ ಉದ್ದನೆಯ ಗೋಡೆಯ ಮೇಲೆ ಊರಿನ ಚರಿತ್ರೆಯನ್ನು ಚಿತ್ರಗಳಾಗಿ ಬರೆಸಿದ್ದಾರೆ. ಅದರಲ್ಲಿ ಸ್ಪಾರ್ಟನ್ಸ್‌ಗೂ ಜಾಗ ಇದೆ. ಲೀಗಿನ ದಾಖಲೆಯಲ್ಲಿ ಅವರದು 6 ಗೆಲುವು, 2 ಸೋಲು, 4 ಟೈ, ಮೂರನೇ ಸ್ಥಾನ. ಊರಿನ ಗೋಡೆಗೆ ಆ ಭಾಗಾಕಾರ ಗೊತ್ತಿಲ್ಲ.

ನೀವು ಆ ರಾತ್ರಿ ರೆಫರಿಯಾಗಿದ್ದರೆ ಏನು ಮಾಡುತ್ತಿದ್ದಿರಿ? ಟಚ್‌ಡೌನ್ ಕೊಡುತ್ತಿದ್ದಿರೋ, ಸೀಟಿ ಊದಿ ಟೇಪು ತರಿಸುತ್ತಿದ್ದಿರೋ?